ಕಾಲುವೆ ನೋಡಲು ಹೊರಟ ರಾಣಿ

ಉಳ್ಳಾಲದ ಅಬ್ಬಕ್ಕನ ಬಗ್ಗೆ ನಾಟಕ, ರೂಪಕ, ಯೂಟ್ಯೂಬ್ ವಿಡಿಯೋ, ಏನೇ ನೋಡಿ, ಒಂದು ಮಾತ್ರ ಬದಲಾಗಲ್ಲ: ಡ್ರೆಸ್ಸು. ಜರಿಸೀರೆ, ಕಿರೀಟ, ಕೈಯಲ್ಲಿ ಕತ್ತಿ. ಎದುರಿಗೆ ಕೆಂಪು ಕೋಟಿನ ಪರಂಗಿಗಳು. ಆ ಕೆಂಪು ಕೋಟು ಬ್ರಿಟಿಷರದ್ದು, ಅದೂ ಬಹಳ ಆಮೇಲಿನದು, ಹೋಗ್ಲಿ ಬಿಡಿ.

ನನ್ನ ಮೊದಲ ತಕರಾರು ಆ ಪರಂಗಿಗಳ ಬಗ್ಗೆಯೇ. ರಂಗದ ಮೇಲೆ ಅವರಿಗೆ ದುರಾಸೆ ಬಿಟ್ಟರೆ ಬೇರೇನೂ ಇರೋದಿಲ್ಲ. ನಿಜದಲ್ಲಿ ಅವರ ಸ್ಥಿತಿಯೇ ವಿಚಿತ್ರವಾಗಿತ್ತು. 1578ರಲ್ಲಿ ಪೋರ್ಚುಗಲ್ಲಿನ ರಾಜ ಸೆಬಾಸ್ಟಿಯನ್ ಮೊರಾಕ್ಕೋದ ಯುದ್ಧದಲ್ಲಿ ಸತ್ತ, ಮಕ್ಕಳಿರಲಿಲ್ಲ. 1580ರಲ್ಲಿ ಸ್ಪೇನಿನ ಎರಡನೇ ಫಿಲಿಪ್ ಆ ಸಿಂಹಾಸನವನ್ನೂ ಕಿತ್ತುಕೊಂಡ. 1640ರಲ್ಲಿ ಲಿಸ್ಬನ್ ದಂಗೆ ಏಳುವ ತನಕ, ಅರವತ್ತು ವರ್ಷ, ಗೋವಾದ ವೈಸರಾಯ್‌ಗೆ ಸ್ಪೇನಿನ ದೊರೆಯೇ ದೊರೆ. ಹಾಗಂತ ‘ನಮ್ಮ ಉಳ್ಳಾಲ ಸ್ಪೇನ್ ವಿರುದ್ಧ ಹೋರಾಡಿತು’ ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಬೇಡಿ. ಸಾಗರದಾಚೆಯ ಆಡಳಿತ ಪೋರ್ಚುಗೀಸರ ಕೈಯಲ್ಲೇ ಇರುತ್ತೆ ಅಂತ ಫಿಲಿಪ್ ಮಾತು ಕೊಟ್ಟಿದ್ದ. ಆದರೆ ಸ್ಪೇನಿನ ಶತ್ರುಗಳು ಪೋರ್ಚುಗೀಸರಿಗೂ ಗಂಟುಬಿದ್ದರು. ಸ್ಪೇನಿನಿಂದ ಬಿಡುಗಡೆಗೆ ಹೋರಾಡುತ್ತಿದ್ದ ಡಚ್ಚರು ಪೂರ್ವದ ಕಡಲಲ್ಲಿ ಇವರ ಹಡಗುಗಳ ಮೇಲೂ ಬಿದ್ದರು. 1622ರಲ್ಲಿ ಹೊರ್ಮುಜ್ ಕೋಟೆ ಪರ್ಷಿಯನ್ನರು ಮತ್ತು ಇಂಗ್ಲಿಷರ ಪಾಲಾಯ್ತು. ಮರುವರ್ಷವೇ ಗೋವಾದ ರಾಯಭಾರಿಯೊಬ್ಬ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಹತ್ತಿರ ಮಾತುಕತೆಗೆ ಬಂದ. ಸ್ವಂತ ರಾಜನನ್ನೇ ಕಳೆದುಕೊಂಡವರು ಇನ್ನೊಬ್ಬರ ಬಂದರಲ್ಲಿ ಕಪ್ಪ ಕೇಳ್ತಿದ್ದಾರೆ! ಇಷ್ಟು ಒಳ್ಳೆ ನಾಟಕ ಇದರಲ್ಲಿದೆ, ನಮ್ಮವರು ಮುಟ್ಟೇ ಇಲ್ಲ.

ಆ ರಾಯಭಾರಿಯ ಜೊತೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಪ್ರವಾಸಿಯೂ ಇದ್ದ. ಆಮೇಲೆ ಮಂಗಳೂರಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡ. ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಆ ಭೇಟಿಯ ವಿವರ ಇದೆ. (ಅಬ್ಬಕ್ಕ ಒಬ್ಬಳಲ್ಲ, ಒಂದೇ ಹೆಸರಿನವರು ಒಬ್ಬರಿಗಿಂತ ಹೆಚ್ಚು ಆಳಿದರು ಅಂತಾರೆ. ನಾಟಕಗಳು ಎಲ್ಲರನ್ನೂ ಒಂದೇ ಸೀರೆಯೊಳಗೆ ತುರುಕುತ್ತವೆ.) ಅವನು ಕಂಡಾಗ ರಾಣಿ ಸಿಂಹಾಸನದ ಮೇಲಿರಲಿಲ್ಲ. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆ ನೋಡೋಕೆ ನಡೆದು ಹೊರಟಿದ್ದಳು. ಬರಿಗಾಲು, ಸೊಂಟಕ್ಕೊಂದು ಹತ್ತಿ ಬಟ್ಟೆ, ಕಪ್ಪು ಮೈಬಣ್ಣ, ದಪ್ಪ ಮೈಕಟ್ಟು, ಬಿಸಿಲಿಗೆ ಒಂದು ಓಲೆಕೊಡೆ. ಅಡುಗೆಮನೆಯ ಆಳೋ, ಬಟ್ಟೆ ಒಗೆಯುವವಳೋ ಅನ್ನೋ ಹಾಗಿದ್ದಾಳೆ ಅಂತ ಅವನು ಬರೀತಾನೆ. ಆದರೆ ಬಾಯಿ ತೆರೆದಳೋ, ರಾಣಿ ಅಂತ ಗೊತ್ತಾಯ್ತಂತೆ. ಯಾರು, ಎಲ್ಲಿಂದ ಬಂದೆ, ಯಾವ್ಯಾವ ದೇಶ ನೋಡಿದೆ ಅಂತ ವಿಚಾರಿಸಿದಳು.

ಅವನ ಮೂಗುಮುರಿಯುವಿಕೆ ನನಗೂ ಹಿಡಿಸಲ್ಲ. ಆದರೂ ನಾನು ಓದಿದ ಅಬ್ಬಕ್ಕನ ಚಿತ್ರಗಳಲ್ಲಿ ನಂಬೋಕಾಗೋದು ಇದೊಂದೇ. ನಮ್ಮ ಸಿಂಧಘಟ್ಟದ ಕಡೆ ಹೆಗಲ ಮೇಲೆ ಗುದ್ದಲಿ ಹಾಕ್ಕೊಂಡು, ಬರಿಗಾಲಲ್ಲಿ ಗದ್ದೆಗೆ ನೀರು ಕಟ್ಟೋಕೆ ಹೋಗೋ ಹೆಂಗಸರನ್ನು ನೋಡಿ ಬೆಳೆದವನು ನಾನು. ಅವರಲ್ಲೊಬ್ಬರು ಬದುವಿನ ಮೇಲೆ ನಿಂತು ಗದರಿದರೆ ಊರಿನ ಯಜಮಾನರೂ ಪಕ್ಕಕ್ಕೆ ಸರೀತಾರೆ. ಅಂಥವಳೊಬ್ಬಳು ರಾಣಿಯಾಗಿದ್ದಳು ಅನ್ನೋದು ನನಗೆ ಕಿರೀಟಕ್ಕಿಂತ ದೊಡ್ಡ ಸಂಗತಿ. ನಾವೋ, ವಾಲ್ಲೆಗೆ ಕಂಡ ‘ಆಳಿನ’ ರೂಪಕ್ಕೆ ಅವನಿಗಿಂತ ಹೆಚ್ಚು ನಾಚಿಕೊಂಡು, ಅವಳನ್ನು ಬೆಳ್ಳಗೆ ಮಾಡಿ, ತೆಳ್ಳಗೆ ಮಾಡಿ, ರೇಷ್ಮೆ ಉಡಿಸಿದ್ದೀವಿ.

ನೀರು ಇದ್ದರೆ ಅಕ್ಕಿ. ಅಕ್ಕಿ, ಮೆಣಸು ಇದ್ದರೆ ಬಂದರು. ಪೋರ್ಚುಗೀಸರು ಕಣ್ಣಿಟ್ಟಿದ್ದೇ ಅದರ ಮೇಲೆ. ತಮ್ಮ ಪರವಾನಗಿ ಚೀಟಿ ಇಲ್ಲದೆ ಹಡಗು ಹೊರಡಬಾರದು ಅಂತ ಅವರ ಹಟ. ಅಬ್ಬಕ್ಕನಿಂದ ಬೇರೆಯಾದ ಗಂಡ, ಮಂಗಳೂರಿನ ಬಂಗರಸ, ಅವರ ಕಡೆ ವಾಲಿದ. ಇವಳು ಇಕ್ಕೇರಿಯ ನಾಯಕನ ಸಹಾಯ ಪಡೆದಳು. ಗಂಡ ಹೆಂಡತಿ ಜಗಳವನ್ನು ನಮ್ಮ ನಾಟಕಗಳು ಚಪ್ಪರಿಸಿಕೊಂಡು ಹೇಳ್ತವೆ, ಚೀಟಿಯ ವಿಷಯ ಒಂದೇ ಸಾಲಲ್ಲಿ ಮುಗಿಸ್ತವೆ. ಕಾಲುವೆಯಂತೂ ಇಲ್ಲವೇ ಇಲ್ಲ.

ಮುಂದಿನ ಸಲ ಯಾರಾದರೂ ಈ ನಾಟಕ ಮಾಡಿಸೋದಾದ್ರೆ ಮೊದಲ ದೃಶ್ಯಕ್ಕೆ ಕುದುರೆ ಹುಡುಕಬೇಡಿ. ಒಂದು ಓಲೆಕೊಡೆ, ನಾಲ್ಕು ಗುದ್ದಲಿ, ಸ್ವಲ್ಪ ಕೆಸರು ಸಾಕು.