ಒಂಟಿ ರೈಡರ್ ನಂಬಿದ ಮನೆ

ಊರ್ಡಿಗೆರೆ ಕಡೆ ಹೊನಲು ಬೆಳಕಿನ ಕಬಡ್ಡಿ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ರಾಗಿ ಕೊಯ್ದ ಹೊಲವನ್ನು ಸಮ ಮಾಡಿ, ಕೆಮ್ಮಣ್ಣು ಜರಡಿ ಹಿಡಿದು ಹಾಕಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದಿರುತ್ತಾರೆ. ದೇವರಾಯನದುರ್ಗದ ದಿಕ್ಕಿನಿಂದ ಚಳಿಗಾಳಿ. ಮೈಕಿನವನು ಬಹುಮಾನದ ಟಗರನ್ನೂ ದಾನಿಗಳ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಿರುತ್ತಾನೆ. ರಾತ್ರಿ ಹತ್ತರ ಸುಮಾರಿಗೆ ಒಂದು ಬೈಕ್ ಬಂದು ನಿಲ್ಲುತ್ತದೆ. ಹಿಂದೆ ಕೂತಿದ್ದವನು ಇಳಿದು ಶೂ ಬಿಗಿದುಕೊಳ್ಳುತ್ತಾನೆ. ಅವನೇ ‘ಗೆಸ್ಟ್’, ಚಂದಾ ಎತ್ತಿದ ದುಡ್ಡಿನಲ್ಲಿ ಹೊರಗಿನಿಂದ ಕರೆಸಿದ ರೈಡರ್. ಅವನು ಬಂದ ಮೇಲೆ ನಮ್ಮ ಹುಡುಗರು ರೈಡ್ ಹೋಗುವುದೇ ಇಲ್ಲ. ಗೆದ್ದರೆ ಅವನನ್ನು ಹೊತ್ತು ಕುಣಿಯುತ್ತಾರೆ. ಸೋತರೆ, ‘ದುಡ್ಡು ದಂಡ ಆಯ್ತಲ್ಲೋ’ ಎಂದು ಬೈಯುತ್ತಾರೆ. ಎರಡರಲ್ಲೂ ಉಳಿದ ಆರು ಜನರ ಮಾತು ಬರುವುದಿಲ್ಲ.

2024ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇದೇ ಆಟವನ್ನು ನಾವು ಟಿವಿಯಲ್ಲಿ, ಮ್ಯಾಟಿನ ಮೇಲೆ ನೋಡಿದೆವು. ಪ್ರೊ ಕಬಡ್ಡಿ ಲೀಗಿನ 11ನೇ ಸೀಸನ್. ಬೆಂಗಳೂರು ಬುಲ್ಸ್ 70 ಲಕ್ಷ ರೂಪಾಯಿಗೆ ‘ಡುಬ್ಕಿ ಕಿಂಗ್’ ಪ್ರದೀಪ್ ನರ್ವಾಲ್‌ನನ್ನು ಕೊಂಡು ನಾಯಕನನ್ನಾಗಿ ಮಾಡಿತ್ತು. 22 ಪಂದ್ಯ ಆಡಿ ಗೆದ್ದದ್ದು 2. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ, 19 ಪಾಯಿಂಟ್. ಟೀ ಅಂಗಡಿಯ ತೀರ್ಪು ಬೇಗ ಬಂತು: ‘ಡುಬ್ಕಿ ಕಿಂಗ್ ಮುದುಕ ಆದ.’ ಆಗ ಅವನಿಗೆ 27 ವರ್ಷ.

ನಾನು ಆ ತೀರ್ಪನ್ನು ಒಪ್ಪುವುದಿಲ್ಲ. ಪ್ರದೀಪನ ಕಾಲು ಸೋತಿತ್ತು ನಿಜ. ಆದರೆ ಅದಕ್ಕಿಂತ ಮೊದಲು ಸೋತದ್ದು ಬುಲ್ಸ್ ಹತ್ತು ವರ್ಷ ನಂಬಿಕೊಂಡು ಬಂದ ಒಂದು ಪದ್ಧತಿ. ಅದನ್ನು ಒಂಟಿ ರೈಡರ್ ಪದ್ಧತಿ ಎನ್ನೋಣ.

ಆ ಪದ್ಧತಿ ಸುಮ್ಮನೆ ಬೆಳೆದದ್ದಲ್ಲ, ಗೆದ್ದು ಬೆಳೆದದ್ದು. ಮೊದಲ ಸೀಸನ್ನಿನಿಂದ ಹನ್ನೊಂದನೆಯದರವರೆಗೆ ಬುಲ್ಸ್‌ಗೆ ಕೋಚ್ ಒಬ್ಬರೇ, ರಣಧೀರ್ ಸಿಂಗ್ ಸೆಹ್ರಾವತ್. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ವಿರುದ್ಧ ನಡೆದ ಫೈನಲನ್ನು 38-33ರಲ್ಲಿ ಗೆದ್ದಾಗ ಆ 38ರಲ್ಲಿ 22 ಪಾಯಿಂಟ್ ಪವನ್ ಸೆಹ್ರಾವತ್ ಒಬ್ಬನದೇ. ಅದೇ ವರ್ಷ ಅಕ್ಟೋಬರಿನಲ್ಲಿ ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್ ತೆಗೆದ. ಇಂಥವನೊಬ್ಬ ಮನೆಯಲ್ಲಿದ್ದರೆ ಇನ್ನೊಬ್ಬನನ್ನು ತಯಾರು ಮಾಡುವ ಗೊಡವೆ ಯಾರಿಗೆ ಬೇಕು? ಅವನು ಹೋಗಲಿ, ಅವನು ಔಟಾದರೆ ಎಬ್ಬಿಸಿಕೊಂಡು ಬರೋಣ, ಮತ್ತೆ ಅವನೇ ಹೋಗಲಿ. ತಂಡದ ಲೆಕ್ಕವೆಲ್ಲ ಇಷ್ಟೇ ಆಯಿತು. ಪವನ್ ಬಿಟ್ಟು ಹೋದ ಮೇಲೆ ಭರತ್ ಹೂಡಾ ಒಂದು ಸೀಸನ್ ಆ ಭಾರ ಹೊತ್ತ. 2022ರ ಸೆಮಿಫೈನಲ್‌ನಲ್ಲಿ ಜೈಪುರ 49-29ರಿಂದ ಕೆಡವಿತು. ಆಮೇಲೆ ಇಳಿಜಾರು.

ರೈಡರ್ ಮಾಡುವ ಕೆಲಸ ಏನು ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವನಿಗೆ ಸಿಗುವುದು 30 ಸೆಕೆಂಡ್. ನಡುಗೆರೆಯಿಂದ ಕೊನೆಯ ಗೆರೆಗೆ ಆರೂವರೆ ಮೀಟರ್. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಎಷ್ಟು ಜನ ಎಂದು ಎಣಿಸುತ್ತಾನೆ. ಆರು ಅಥವಾ ಏಳು ಇದ್ದರೆ ಮಾತ್ರ ಬೋನಸ್ ಇದೆ. ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತಾನು ಸಿಕ್ಕಿಬಿದ್ದಾಗ ಅವರಿಗೆ ಸೂಪರ್ ಟ್ಯಾಕಲ್‌ನ ಎರಡು ಪಾಯಿಂಟ್. ಹಿಂದಿನ ಎರಡು ರೈಡ್ ಖಾಲಿ ಹೋಗಿದ್ದರೆ ಇದು ‘ಡೂ ಆರ್ ಡೈ’, ಬರಿಗೈಲಿ ಬಂದರೆ ಔಟು. ಇದು ಕಾಗದದ ಲೆಕ್ಕ. ನಿಜವಾದ ಓದು ಇರುವುದು ಮೈಯಲ್ಲಿ. ಕಾರ್ನರ್‌ನವನ ಹಿಮ್ಮಡಿ ನೆಲಕ್ಕೆ ಊರಿದೆಯೋ ಎತ್ತಿದೆಯೋ, ಎತ್ತಿದ್ದರೆ ನುಗ್ಗುವವನಿದ್ದಾನೆ. ಕವರ್‌ನವನ ಭುಜ ಒಳಕ್ಕೆ ತಿರುಗಿದೆಯೋ ಹೊರಕ್ಕೋ, ಒಳಕ್ಕಾದರೆ ಡ್ಯಾಶ್ ಕೊಟ್ಟು ಲಾಬಿ ದಾಟಿಸಿ ಹೊರಗೆ ತಳ್ಳುವ ಯೋಚನೆಯಲ್ಲಿದ್ದಾನೆ. ಚೈನ್ ಹಿಡಿದ ಇಬ್ಬರಲ್ಲಿ ಯಾರು ಯಾರನ್ನು ಎಳೆಯುತ್ತಿದ್ದಾರೆ. ಇದನ್ನೆಲ್ಲ ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಓದಬೇಕು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೂ ಇಂಥದೇ ಓದಿನ ಕೆಲಸ. ಆದರೆ ಅವನ ಮುಂದೆ ಅವನನ್ನು ಕಾಯುವ ಐದು ದಾಂಡಿಗರು ನಿಂತಿರುತ್ತಾರೆ. ರೈಡರ್ ಒಬ್ಬನೇ ಹೋಗಬೇಕು.

ಈಗ ಪ್ರದೀಪನ ಓದಿಗೆ ಬರೋಣ. ಸೋನಿಪತ್ ಜಿಲ್ಲೆಯ ರಿಂಢಾಣಾ ಊರಿನವನು. ಬುಲ್ಸ್‌ನಲ್ಲೇ 2015ರಲ್ಲಿ ಲೀಗ್ ಆಟ ಶುರು ಮಾಡಿ, ಆಮೇಲೆ ಪಟ್ನಾಕ್ಕೆ ಹೋಗಿ ಮೂರು ಸಲ ಸಾಲಾಗಿ ಟ್ರೋಫಿ ಎತ್ತಿದವನು. 2017ರ ಸೀಸನ್ ಒಂದರಲ್ಲೇ 369 ರೈಡ್ ಪಾಯಿಂಟ್. ಅವನ ಡುಬ್ಕಿಯನ್ನು ಎಲ್ಲರೂ ಬಗ್ಗುವ ಚಮತ್ಕಾರ ಎಂದುಕೊಂಡಿದ್ದಾರೆ. ಬಗ್ಗುವುದು ಅದರ ಕೊನೆಯ ಭಾಗ. ಮೊದಲ ಭಾಗ ಕರೆಯುವುದು. ಉಳಿದ ರೈಡರ್‌ಗಳು ಪಾಯಿಂಟ್ ಹುಡುಕಿಕೊಂಡು ಹೋಗುತ್ತಾರೆ, ಕಾರ್ನರ್‌ನವನ ಕಾಲಿಗೆ ಕಾಲು ಹಾಕುತ್ತಾರೆ, ಓಡುತ್ತಲೇ ಕೈ ತಾಗಿಸುತ್ತಾರೆ. ಪ್ರದೀಪ್ ಹಾಗಲ್ಲ. ಸಿಗುವಷ್ಟು ಹತ್ತಿರ ಹೋಗಿ, ಸಿಕ್ಕೇಬಿಟ್ಟ ಅನ್ನಿಸುವಂತೆ ನಿಲ್ಲುತ್ತಾನೆ. ಚೈನ್‌ನ ಇಬ್ಬರು ಕೈ ಕೈ ಹಿಡಿದು ಎದೆಯೆತ್ತರಕ್ಕೆ ನುಗ್ಗಿ ಬಂದಾಗ ಆ ಕೈಗಳ ಅಡಿಯಲ್ಲಿ ತೂರಿ ನಡುಗೆರೆಯತ್ತ ಜಾರುತ್ತಾನೆ. ಮುಟ್ಟಿದವರೆಲ್ಲ ಔಟು. 2017ರ ಪ್ಲೇಆಫ್‌ನಲ್ಲಿ ಹರಿಯಾಣದ ಮೇಲೆ ಅವನು 34 ಪಾಯಿಂಟ್ ತೆಗೆದ ಪಂದ್ಯ ನೆನಪಿಸಿಕೊಳ್ಳಿ. ಪಟ್ನಾ 69, ಹರಿಯಾಣ 30. ಒಂದೇ ರೈಡ್‌ನಲ್ಲಿ, ಆಲ್‌ಔಟ್‌ನ ಎರಡೂ ಸೇರಿ, 8 ಪಾಯಿಂಟ್. ಅಲ್ಲಿ ಅವನು ಯಾರನ್ನೂ ಅಟ್ಟಿಸಿಕೊಂಡು ಹೋಗಿರಲಿಲ್ಲ. ಅವರೇ ಬಂದು ಮೈಮೇಲೆ ಬಿದ್ದಿದ್ದರು.

ಅವರು ಯಾಕೆ ಬಂದು ಬಿದ್ದರು? ಹಿಂದಿದ್ದರು, ಅದಕ್ಕೆ. ಹಿಂದಿರುವವನಿಗೆ ಪಾಯಿಂಟ್ ಬೇಕು, ಅವನು ಹಿಡಿಯಲೇಬೇಕು, ಅದಕ್ಕೇ ಅವಸರ. ಡುಬ್ಕಿ ಆ ಅವಸರವನ್ನು ತಿಂದು ಬದುಕುವ ಆಟ. ಪಟ್ನಾದಲ್ಲಿ ಮತ್ತೊಂದು ಕಡೆಯಿಂದ ಮೋನು ಗೋಯತ್ ಪಾಯಿಂಟ್ ತರುತ್ತಿದ್ದ. ತಂಡ ಮುಂದಿರುತ್ತಿತ್ತು. ಎದುರಾಳಿ ಹಸಿದಿರುತ್ತಿದ್ದ.

ಬುಲ್ಸ್‌ನಲ್ಲಿ ಇದು ತಲೆಕೆಳಗಾಯಿತು. ಡಿಫೆನ್ಸ್‌ನಿಂದ ಪಾಯಿಂಟ್ ಬಾರದೆ ತಂಡ ಮೊದಲ ಹತ್ತು ನಿಮಿಷದಲ್ಲೇ ಹಿಂದೆ ಬೀಳುತ್ತಿತ್ತು. ಮುಂದಿರುವ ಎದುರಾಳಿಗೆ ಪ್ರದೀಪನನ್ನು ಹಿಡಿಯುವ ಜರೂರೇ ಇಲ್ಲ. ಅವನು ಬಂದು ನಿಲ್ಲುತ್ತಾನೆ, ಕರೆಯುತ್ತಾನೆ. ಯಾರೂ ಬರುವುದಿಲ್ಲ. ಹಿಂದೆ ಸರಿದು, ಸೊಂಟ ಇಳಿಸಿ ಕಾಯುತ್ತಾರೆ. 30 ಸೆಕೆಂಡ್ ಮುಗಿಯುತ್ತದೆ, ಖಾಲಿ ರೈಡ್. ಇನ್ನೊಂದೂ ಖಾಲಿ. ಮೂರನೆಯದು ಡೂ ಆರ್ ಡೈ. ಈಗ ಅವನೇ ಒಳಕ್ಕೆ ಇಳಿಯಬೇಕು, ಅಂದರೆ ತನ್ನದಲ್ಲದ ಆಟ ಆಡಬೇಕು. ಕಾರ್ನರ್‌ನವನು ತೊಡೆಗೆ ಬೀಳುತ್ತಾನೆ, ಕವರ್‌ನವನು ಮೇಲಿನಿಂದ ಬಂದು ಮುಗಿಸುತ್ತಾನೆ. ಟಿವಿಯವರು ಆಮೇಲೆ ತೋರಿಸುವುದು ಈ ಮೂರನೆಯ ರೈಡನ್ನು ಮಾತ್ರ. ಮೊದಲೆರಡನ್ನು ಯಾರೂ ಮತ್ತೆ ನೋಡುವುದಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಔಟಾದ ರೈಡರ್ ಬೆಂಚಿನಿಂದ ಏಳಬೇಕಾದರೆ ತನ್ನ ಕಡೆಯವರು ಯಾರನ್ನಾದರೂ ಔಟ್ ಮಾಡಬೇಕು. ಸೌರಭ್ ನಂದಲ್ ಒಂದು ಕಾರ್ನರ್‌ನಲ್ಲಿ ನಿಂತು ಹಿಡಿದ ದಿನ ಪರವಾಗಿಲ್ಲ. ಹಿಡಿಯದ ದಿನ ನಾಯಕ ಐದಾರು ನಿಮಿಷ ಹೊರಗೇ ಕೂತಿರುತ್ತಿದ್ದ. ಕೂತು ತಣ್ಣಗಾದ ಮೈ ಒಳಗೆ ಬರುವಾಗ ಅಂಗಳದಲ್ಲಿ ಮೂರೇ ಜನ ಉಳಿದಿರುತ್ತಿದ್ದರು, ಆಲ್‌ಔಟ್‌ನ ಭಯ ಬೇರೆ. ಅಂಥ ಹೊತ್ತಿನಲ್ಲಿ ಯಾವ ರೈಡರ್ ಕಾರ್ನರ್‌ನವನ ಹಿಮ್ಮಡಿ ನೋಡುತ್ತಾನೆ? ಅವನು ಸ್ಕೋರ್‌ಬೋರ್ಡ್ ನೋಡುತ್ತಾನೆ. ಓದು ಕೆಡುವುದು ಹೀಗೆ.

ನಮ್ಮೂರಿನಲ್ಲಿ ಒಂದು ಕಾಲಕ್ಕೆ ಕಾರ್ನರ್ ಆಡುತ್ತಿದ್ದ ಹಿರಿಯರೊಬ್ಬರಿದ್ದಾರೆ, ಈಗ ಮಂಡಿ ನೋವು. ಅವರ ಪಕ್ಕ ಕೂತು ಮೊಬೈಲಿನಲ್ಲಿ ಒಂದು ಪಂದ್ಯ ನೋಡಿದೆ. ಪ್ರದೀಪ್ ಸಿಕ್ಕಿಬಿದ್ದಾಗ ನಾನು ‘ಛೇ’ ಅಂದೆ. ಅವರು ಪರದೆಯ ಇನ್ನೊಂದು ಮೂಲೆಗೆ ಬೆರಳಿಟ್ಟರು. ‘ಅವನ್ನೇನ್ ನೋಡ್ತೀಯ, ಈ ಕಡೆ ಕೂತಿರೋರ್ನ ನೋಡು. ಒಬ್ಬನ್ ಕಣ್ಣಲ್ಲೂ ನಾನ್ ಹೋಗ್ತೀನಿ ಅನ್ನೋದಿಲ್ಲ.’ ಅಜಿಂಕ್ಯ ಪವಾರ್, ಜೈ ಭಗವಾನ್‌ರಂಥವರು ತಂಡದಲ್ಲಿದ್ದರು. ಆದರೆ ಆಟದ ಲೆಕ್ಕದಲ್ಲಿ ಅವರು ನಾಯಕ ಔಟಾದಾಗ ಹೊತ್ತು ಕಳೆಯುವವರು, ಅಷ್ಟೇ.

ಪ್ರದೀಪನ ಪಾಲಿನ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. 2021ರಲ್ಲಿ ಯುಪಿ ಯೋಧಾ 1.65 ಕೋಟಿ ಕೊಟ್ಟು ಕರೆದುಕೊಂಡಾಗಲೇ ಡಿಫೆಂಡರ್‌ಗಳು ಡುಬ್ಕಿಯ ಗುಟ್ಟು ಬಿಡಿಸಿದ್ದರು. ಎದೆಗೆ ನುಗ್ಗಬಾರದು, ಬಗ್ಗಿದವನ ಬೆನ್ನ ಮೇಲೆ ಭಾರ ಹಾಕಬೇಕು, ಹೊರಗೆ ತಳ್ಳಬೇಕು. ಅವನು ಆಗಲೇ ಬೋನಸ್ ಕಲಿಯಬೇಕಿತ್ತು, ಕಾಲಿನ ಆಟ ಬದಲಿಸಬೇಕಿತ್ತು. ಬುಲ್ಸ್‌ಗೆ ಬಂದಾಗಲೂ ಮೊದಲ ಇಪ್ಪತ್ತು ಸೆಕೆಂಡನ್ನು ಒಂದೇ ಜಾಗದಲ್ಲಿ ಕಳೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಆದರೆ ಇದು ತಂಡದವರಿಗೆ ಗೊತ್ತಿಲ್ಲದ ವಿಷಯವೇ? ಪವನ್‌ನಂತೆ ಎಗರಿ ಬೇಟೆಯಾಡುವವನಿಗೆ ಹೊಲಿಸಿದ ಅಂಗಿಯನ್ನು ಕರೆದು ಕಾಯುವವನಿಗೆ ತೊಡಿಸಿ, ಸರಿಹೋಗಲಿಲ್ಲ ಎಂದರೆ ದರ್ಜಿಯನ್ನೂ ಕೇಳಬೇಕಾಗುತ್ತದೆ. ವಿಚಿತ್ರವೆಂದರೆ ಆ ಸೀಸನ್ನಿನ ಮೊದಲ ಪಂದ್ಯದಲ್ಲೇ, ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ, ಎದುರಿಗೆ ತೆಲುಗು ಟೈಟನ್ಸ್ ಪರ ಆಡುತ್ತಿದ್ದವನು ಅದೇ ಪವನ್. ಬುಲ್ಸ್ 29-37ರಿಂದ ಸೋತಿತು.

ಇನ್ನೊಂದು ಪದ್ಧತಿಯೂ ಇದೆ, ಅದಕ್ಕೆ ಗುರು ನಮ್ಮ ರಾಜ್ಯದವರೇ. ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. 2019ರಲ್ಲಿ ಅವರು ಕೋಚ್ ಆಗಿದ್ದ ಬೆಂಗಾಲ್ ವಾರಿಯರ್ಸ್‌ನ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಫೈನಲ್ ಆಡಲಿಲ್ಲ. ಒಂಟಿ ರೈಡರ್ ಪದ್ಧತಿಯ ತಂಡವಾಗಿದ್ದರೆ ಅಲ್ಲಿಗೆ ಅಂಗಡಿ ಮುಚ್ಚಬೇಕಿತ್ತು. ಇರಾನಿನ ನಬಿಬಕ್ಷ್ ನಾಯಕನಾಗಿ ಇಳಿದ, ಉಳಿದವರು ಹಂಚಿಕೊಂಡರು. ಬೆಂಗಾಲ್ 39, ದಬಾಂಗ್ ದೆಹಲಿ 34. ಸೋತ ದೆಹಲಿಯ ನವೀನ್ ಕುಮಾರ್ ಒಬ್ಬನೇ 18 ಪಾಯಿಂಟ್ ತೆಗೆದಿದ್ದ. ಎರಡು ಪದ್ಧತಿಗಳನ್ನು ಎದುರುಬದುರು ನಿಲ್ಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಪಂದ್ಯ ಸಿಗಲಾರದು. 10ನೇ ಸೀಸನ್ನಿನಲ್ಲಿ ರಮೇಶ್ ಅವರದೇ ಪುಣೇರಿ ಪಲ್ಟನ್ 22ರಲ್ಲಿ 17 ಗೆದ್ದು, ಎರಡೇ ಸೋತು, ಕೊನೆಗೆ ಫೈನಲನ್ನೂ ಗೆದ್ದಿತು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಯಾರು ಮುಖ್ಯ ರೈಡರ್ ಎಂದು ಎದುರಾಳಿಗೇ ಹೇಳಲಾಗುತ್ತಿರಲಿಲ್ಲ. ಪ್ರದೀಪ್ ಬಿಟ್ಟುಹೋದ ಪಟ್ನಾ ಕೂಡ ಮರು ಸೀಸನ್ನಿನಲ್ಲೇ ಕನ್ನಡಿಗ ಪ್ರಶಾಂತ್ ಕುಮಾರ್ ರೈ ನಾಯಕತ್ವದಲ್ಲಿ ಫೈನಲ್ ತಲುಪಿ ಒಂದೇ ಪಾಯಿಂಟಿನಿಂದ ಸೋತಿತ್ತು, 36-37.

ಹಂಚಿ ಆಡುವ ಈ ಪದ್ಧತಿಗೂ ಮಿತಿ ಇದೆ. ನೋಡುವವನಿಗೆ ಇದರಲ್ಲಿ ರೋಮಾಂಚ ಕಡಿಮೆ. ಪುಣೆಯ ಆಟ ನೋಡುತ್ತಾ ನಾನು ಆಕಳಿಸಿದ್ದುಂಟು. ಪವನ್ 39 ತೆಗೆದ ರಾತ್ರಿ ಯಾರೂ ಆಕಳಿಸಲಿಲ್ಲ. 2025ರಲ್ಲಿ ಬುಲ್ಸ್ ಕೊನೆಗೂ ರಮೇಶ್ ಅವರನ್ನು ಕೋಚ್ ಮಾಡಿಕೊಂಡು ಪ್ಲೇಆಫ್ ಕಂಡಿತು. ಆದರೆ ಆಗಲೂ ಕಷ್ಟ ಬಂದಾಗಲೆಲ್ಲ ಎಲ್ಲರ ಕಣ್ಣು ಹೊರಳಿದ್ದು ಇರಾನಿನ ಅಲಿರೆಜಾ ಮಿರ್ಜಾಯಿಯನ್ ಕಡೆಗೇ. ಮನೆಯ ಚಾಳಿ ಅಷ್ಟು ಬೇಗ ಬಿಡುವಂಥದ್ದಲ್ಲ.

ಅದೇ ವರ್ಷದ ಹರಾಜಿನಲ್ಲಿ ಪ್ರದೀಪ್ ನರ್ವಾಲ್ ಹೆಸರು ಕೂಗಿದಾಗ ಯಾರೂ ಕೈ ಎತ್ತಲಿಲ್ಲ. ಲೀಗಿನ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ರೈಡ್ ಪಾಯಿಂಟ್ ತೆಗೆದವನು 28ರ ವಯಸ್ಸಿಗೆ ನಿವೃತ್ತಿ ಹೇಳಿ ಎದ್ದು ಹೋದ.

ನಮ್ಮ ಹೋಬಳಿಯ ಹುಡುಗರಿಗೆ ಒಂದು ಮಾತು. ರಾಗಿ ಕಟಾವಾದ ಮೇಲೆ ಮತ್ತೆ ಟೂರ್ನಿ ಇಡುತ್ತೀರಿ, ಮತ್ತೆ ಚಂದಾ ಎತ್ತುತ್ತೀರಿ. ಈ ಸಲ ಗೆಸ್ಟ್ ರೈಡರ್‌ಗೆ ಕೊಡುವ ದುಡ್ಡಿನಲ್ಲಿ ನಮ್ಮ ಇಬ್ಬರು ಕಾರ್ನರ್‌ಗಳಿಗೆ ಒಳ್ಳೆ ಶೂ, ಮಂಡಿ ಪಟ್ಟಿ ಕೊಡಿಸಿ. ರೈಡ್‌ಗೆ ಹೈಸ್ಕೂಲ್ ಹುಡುಗರನ್ನೇ ಸರದಿಯಲ್ಲಿ ಕಳಿಸಿ. ಟಗರು ಬೇರೆ ಊರಿಗೆ ಹೋದರೆ ಹೋಗಲಿ.