ಡಾನ್ ಎಷ್ಟು ಸಲ ಹುಟ್ಟಬೇಕು? ಸರಣಿ ಸಿನಿಮಾ ನೋಡುವ ರಸಿಕರಿಗೊಂದು ಕೈಪಿಡಿ

ಹಿಂದಿಯ ಸರಣಿ ಸಿನಿಮಾಗಳ ರುಚಿ ಹತ್ತಬೇಕೆಂದಿದ್ದರೆ ಒಂದು ಶನಿವಾರ ರಾತ್ರಿ 1978ರ ‘ಡಾನ್’ ನೋಡಿ, ಮರುದಿನ 2006ರ ‘ಡಾನ್’ ನೋಡಿ. ಕ್ರಮ ಅದಲುಬದಲಾಗಬಾರದು. ಎರಡನ್ನೂ ನೋಡದವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಮುಂದೆ ಗುಟ್ಟನ್ನೆಲ್ಲ ಬಿಟ್ಟುಕೊಡಲಿದ್ದೇನೆ.

ಮೊದಲ ‘ಡಾನ್’ ಸಲೀಂ–ಜಾವೇದ್ ಬರೆದು, ಚಂದ್ರ ಬಾರೋಟ್ ನಿರ್ದೇಶಿಸಿದ ಚಿತ್ರ. ನಿರ್ಮಾಪಕ ನಾರಿಮನ್ ಇರಾನಿ ಮೂಲತಃ ಛಾಯಾಗ್ರಾಹಕ. ಹಿಂದಿನ ಚಿತ್ರ ಮಾಡಿದ ಸಾಲ ತೀರಿಸಲು ಇದಕ್ಕೆ ಕೈಹಾಕಿದವರು ಬಿಡುಗಡೆಗೆ ಮೊದಲೇ ಅಪಘಾತದಲ್ಲಿ ತೀರಿಕೊಂಡರು. ಎರಡನೇ ಭಾಗದ ಕನಸು ಯಾರಿಗೂ ಇರಲಿಲ್ಲ. ಕಥೆಯಲ್ಲಿ ಡಾನ್ ಬೇಗನೆ ಸಾಯುತ್ತಾನೆ. ಅವನ ಪಡಿಯಚ್ಚಿನಂತಿರುವ ಬೀದಿ ಹಾಡುಗಾರ ವಿಜಯ್‌ನನ್ನು ಡಿಎಸ್‌ಪಿ ಡಿಸಿಲ್ವ ಗ್ಯಾಂಗಿನೊಳಗೆ ನುಗ್ಗಿಸುತ್ತಾನೆ. ಈ ಗುಟ್ಟು ಗೊತ್ತಿದ್ದವನು ಡಿಸಿಲ್ವ ಒಬ್ಬನೇ. ಅವನೂ ಸತ್ತ ಮೇಲೆ ವಿಜಯ್ ತಾನು ಡಾನ್ ಅಲ್ಲವೆಂದು ಯಾರಿಗೆ ಹೇಳಬೇಕು? ಚಿತ್ರದ ಬಿಗಿಯೆಲ್ಲ ಇಲ್ಲಿದೆ. ಬನಾರಸಿ ಪಾನ್ ಹಾಡು ಆಮೇಲೆ ಸೇರಿಸಿದ್ದು. ಇಡೀ ಚಿತ್ರ ಮರೆತವರಿಗೂ ಅದು ನೆನಪಿರುತ್ತದೆ ಅನ್ನುವುದು ಬೇರೆ ಮಾತು.

28 ವರ್ಷಗಳ ನಂತರ ಜಾವೇದ್ ಅಖ್ತರ್ ಅವರ ಮಗ ಫರ್ಹಾನ್ ಅದೇ ಕಥೆಯನ್ನು ಶಾರುಖ್ ಖಾನ್ ಕೈಗಿಟ್ಟರು. ಅವೇ ಹೆಸರು, ಅವೇ ಹಾಡು, ಅದೇ ಓಟ. ಊರು ಮಾತ್ರ ಕ್ವಾಲಾಲಂಪುರ. ಹಳೆಯದನ್ನು ನೋಡಿದವನು ಮುಂದಿನದೆಲ್ಲ ತನಗೆ ಗೊತ್ತೆಂಬ ಗತ್ತಿನಲ್ಲಿ ಕೂತಿರುತ್ತಾನೆ. ಆಗ ಮೊದಲ ಪೆಟ್ಟು: ನಾವು ನಂಬಿದ ಡಿಸಿಲ್ವನೇ ಖಳ ವರ್ಧಾನ್. ಅದರಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಎರಡನೆಯದು: ಡಾನ್ ಸತ್ತೇ ಇರಲಿಲ್ಲ. ಆಸ್ಪತ್ರೆಯಲ್ಲೇ ವಿಜಯ್‌ನೊಂದಿಗೆ ಜಾಗ ಬದಲಿಸಿಕೊಂಡಿದ್ದ; ನಾವು ವಿಜಯ್ ಎಂದುಕೊಂಡು ಅಯ್ಯೋ ಪಾಪ ಅನ್ನುತ್ತಿದ್ದವನು ಅವನೇ. ಹೊಸ ಪ್ರೇಕ್ಷಕನಿಗೆ ಇದು ಒಂದು ತಿರುವು, ಅಷ್ಟೆ. ಹಳಬನಿಗೆ ಮಾತ್ರ ತನ್ನ ನೆನಪೇ ತನಗೆ ಕೈಕೊಟ್ಟಿರುತ್ತದೆ. ರೀಬೂಟ್ ಅಂದರೆ ಇದು. ಹಳೆಯ ಅಂಗಿಯನ್ನು ಹೊಸ ಮೈಗೆ ತೊಡಿಸುವುದಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ.

ನಮ್ಮವರಿಗೆ ಈ ರಸಿಕತೆ ಹೊಸದಾಗಿ ಕಲಿಯಬೇಕಾದ್ದೇನೂ ಅಲ್ಲ. ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬಂದು ಕರ್ಣಪರ್ವ ಆಡಿದರೆ ಕರ್ಣ ಸಾಯುತ್ತಾನೋ ಇಲ್ಲವೋ ಎಂದು ತಿಳಿಯಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಈ ಸಲದ ವೇಷಧಾರಿ ಅರ್ಥದಲ್ಲಿ ಯಾವ ಹೊಸ ಮಾತು ತೆಗೆಯುತ್ತಾನೆ, ಹಿಂದಿನವರು ಮುಟ್ಟದ ಯಾವ ಜಾಗ ಮುಟ್ಟುತ್ತಾನೆ ಎಂದು ಕಿವಿಗೊಟ್ಟು ಕೂರುತ್ತಾರೆ. ಅದೇ ಕಿವಿಯನ್ನು ಬಾಂದ್ರಾದ ಗೇಯ್ಟಿ–ಗ್ಯಾಲಕ್ಸಿಗೂ ಒಯ್ಯಿರಿ.

ಆ ಥಿಯೇಟರಿನಲ್ಲಿ ಪರದೆಯಷ್ಟೇ ಜನರನ್ನೂ ಗಮನಿಸಬೇಕು. ಶಿಳ್ಳೆ ಎಲ್ಲಿ ಬೀಳುತ್ತದೆ? ನಾಯಕನ ಎಂಟ್ರಿಗೆ ಬಿದ್ದು, ಇಂಟರ್‌ವಲ್ ನಂತರ ಸದ್ದಡಗಿದರೆ ಜನ ಬಂದದ್ದು ಹಳೆಯ ನೆಂಟಸ್ತಿಕೆಗೆ ಎಂದರ್ಥ. ದೃಶ್ಯದ ನಡುವೆ, ಯಾವುದೋ ಸಣ್ಣ ಪಾತ್ರದ ಒಂದು ಮಾತಿಗೂ ಬಿದ್ದರೆ ಸರಣಿಗೆ ಇನ್ನೂ ಉಸಿರಿದೆ.

ರೋಹಿತ್ ಶೆಟ್ಟಿಯವರ ಚಿತ್ರಗಳಲ್ಲಿ ಈ ಪರೀಕ್ಷೆ ಸುಲಭ. ಮೊದಲ ‘ಡಾನ್’ನಲ್ಲಿ ಶಾಕಾಲ್ ಎಂಬ ಬೋಳುತಲೆಯ ಬಂಟ ನೆನಪಿದೆಯೇ? ಅವರು ಎಂ. ಬಿ. ಶೆಟ್ಟಿ, ನಮ್ಮ ತುಳುನಾಡಿನಿಂದ ಮುಂಬಯಿಗೆ ಹೋಗಿ ಸ್ಟಂಟ್ ಮಾಸ್ಟರ್ ಆಗಿ ಹೆಸರು ಮಾಡಿದವರು. (ಎರಡೇ ವರ್ಷದಲ್ಲಿ ಸಲೀಂ–ಜಾವೇದ್ ‘ಶಾನ್’ ಚಿತ್ರಕ್ಕೂ ಇನ್ನೊಬ್ಬ ಬೋಳುತಲೆಯ ಶಾಕಾಲ್‌ನನ್ನು ಬರೆದರು. ಆ ಹೆಸರಿನ ಮೇಲೆ ಅವರಿಗೆ ಅದೇನು ಪ್ರೀತಿಯೋ.) ಆ ಶೆಟ್ಟರ ಮಗನೇ ರೋಹಿತ್. 2006ರಿಂದ 2017ರವರೆಗೆ ನಾಲ್ಕು ‘ಗೋಲ್‌ಮಾಲ್’, 2011ರಿಂದ ‘ಸಿಂಗಂ’ ಮತ್ತು ಅದರ ಪೊಲೀಸ್ ಬಳಗ.

‘ಸಿಂಗಂ’ ಹುಟ್ಟಿದ್ದು ತಮಿಳಿನಲ್ಲಿ, 2010ರಲ್ಲಿ. ಮರುವರ್ಷ ಕನ್ನಡದಲ್ಲಿ ಸುದೀಪ್ ಅದನ್ನು ‘ಕೆಂಪೇಗೌಡ’ ಮಾಡಿದರು. ಅಲ್ಲಿ ರವಿಶಂಕರ್ ಮಾಡಿದ ಆರ್ಮುಗಂ ಇಂದಿಗೂ ಮನೆಮಾತು. ಹಿಂದಿಯಲ್ಲಿ ಖಳನಾಗಿ ನಿಂತವರು ತಮಿಳಿನಲ್ಲೂ ಇದ್ದ ನಮ್ಮ ಪ್ರಕಾಶ್ ರಾಜ್. ನನ್ನ ಲೆಕ್ಕದಲ್ಲಿ ಮೊದಲ ‘ಸಿಂಗಂ’ನ ಅರ್ಧ ಜೀವ ಅವರ ಜಯಕಾಂತ್ ಶಿಕ್ರೆ. ಕೊನೆಯಲ್ಲಿ ಶಿಕ್ರೆಯನ್ನು ಕೊಂದ ಮೇಲೆ ನಾಯಕ ಬಾಜೀರಾವ್‌ಗೆ ಸರಿಸಾಟಿ ಎದುರಾಳಿ ಸಿಗಲೇ ಇಲ್ಲ. ಆ ಕೊರತೆ ಮುಚ್ಚಲು ನಾಯಕರನ್ನೇ ಸೇರಿಸುತ್ತ ಹೋದರು. 2024ರ ‘ಸಿಂಗಂ ಅಗೇನ್’ ಹೊತ್ತಿಗೆ ಅಜಯ್ ದೇವಗನ್ ಜೊತೆ ಅಕ್ಷಯ್, ರಣವೀರ್, ದೀಪಿಕಾ, ಟೈಗರ್ ಶ್ರಾಫ್, ಮೇಲೆ ರಾಮಾಯಣದ ಚೌಕಟ್ಟು ಬೇರೆ. ಒಬ್ಬೊಬ್ಬರ ಎಂಟ್ರಿಗೂ ಹೊತ್ತು ಕೊಟ್ಟು ಮುಗಿಸುವಷ್ಟರಲ್ಲಿ ಕಥೆಗೆ ಜಾಗವೇ ಉಳಿದಿರಲಿಲ್ಲ. ಈ ಸರಣಿ ಸಾಕು.

‘ಧೂಮ್’ ಬೇರೆ ಜಾತಿ. ಅಲ್ಲಿ ಪೊಲೀಸ್ ಅದೇ ಅಭಿಷೇಕ್ ಬಚ್ಚನ್, ಕಳ್ಳ ಮಾತ್ರ ಸಲಕ್ಕೊಬ್ಬ: ಜಾನ್ ಅಬ್ರಹಾಂ, ಹೃತಿಕ್, ಆಮಿರ್. ಒಳ್ಳೆಯ ಕಳ್ಳ ಸಿಗುವವರೆಗೂ ನಡೆಸಬಹುದು.

ನಟನೇ ಸರಣಿಯಾಗಿಬಿಟ್ಟಾಗ ಮಾತ್ರ ಕಷ್ಟ. 2025ರಲ್ಲಿ ಪರೇಶ್ ರಾವಲ್ ಮೂರನೇ ‘ಹೇರಾ ಫೇರಿ’ಯಿಂದ ಹೊರನಡೆದರು, ರಂಪವಾಯಿತು, ಕೊನೆಗೆ ಮರಳಿ ಬಂದರು. ಆ ದಪ್ಪ ಕನ್ನಡಕದ ಬಾಬುರಾವ್‌ನನ್ನು ಇನ್ನೊಬ್ಬರು ಮಾಡುವುದನ್ನು ಊಹಿಸಲು ಅಷ್ಟು ದಿನ ಯಾರಿಗೂ ಆಗಲಿಲ್ಲ. ಮುನ್ನಾಭಾಯಿ 2003 ಮತ್ತು 2006ರಲ್ಲಿ ಬಂದು ಅಲ್ಲಿಗೇ ನಿಂತ. ಮೂರನೆಯದು ಘೋಷಣೆಯಾಗಿಯೂ ಆಗಲಿಲ್ಲ. ಆಗದೆ ಹೋದದ್ದು ಒಳ್ಳೆಯದೇ: ಗಾಂಧೀಜಿಯನ್ನೇ ಕರೆತಂದ ಮೇಲೆ ಇನ್ಯಾರನ್ನು ಕರೆತರುವುದು?

ಇನ್ನು ‘ಡಾನ್ 3’. 2023ರ ಆಗಸ್ಟ್‌ನಲ್ಲಿ ಫರ್ಹಾನ್ ರಣವೀರ್ ಸಿಂಗ್ ಹೆಸರು ಘೋಷಿಸಿದಾಗ, ಶಾರುಖ್ ಇಲ್ಲದ ಡಾನ್ ಬೇಡವೆಂಬ ಕೂಗೆದ್ದಿತು. 2006ರಲ್ಲಿ ಮೊದಲ ಡಾನ್ ಅಮಿತಾಭ್ ಹೆಸರಿನಲ್ಲಿ ಎದ್ದದ್ದೂ ಇದೇ ಕೂಗು. ಆದ್ದರಿಂದ ಮುಖ ಬದಲಾಯಿತೆಂದು ರಸಿಕ ಎದೆ ಬಡಿದುಕೊಳ್ಳಬೇಕಿಲ್ಲ. ಕೇಳಬೇಕಾದ್ದು ಬೇರೆ. ಮೊದಲ ಚಿತ್ರ ಡಾನ್‌ನನ್ನು ಕೊಂದಿತು, ಎರಡನೆಯದು ವಿಜಯ್‌ನನ್ನು ಕೊಂದಿತು. 2011ರ ‘ಡಾನ್ 2’ ಬರ್ಲಿನ್‌ನಲ್ಲಿ ದರೋಡೆ ಮಾಡಿಸಿತೇ ಹೊರತು ಈ ಲೆಕ್ಕಕ್ಕೆ ಏನೂ ಸೇರಿಸಲಿಲ್ಲ. ಎರಡೂ ಸಾವುಗಳನ್ನು ನೆನಪಿಟ್ಟುಕೊಂಡಿರುವವನ ಎದುರು ಹೊಸ ಚಿತ್ರ ಯಾವ ಪಟ್ಟು ಹಾಕುತ್ತದೆ? ಉತ್ತರವಿಲ್ಲದಿದ್ದರೆ ಯಾರೇ ನಟಿಸಲಿ, ಬೇಡ. ಜೇಮ್ಸ್ ಬಾಂಡ್ ಕೂಡ ಹೀಗೇ ಹೊಸ ಮುಖ ತೊಟ್ಟು ಹುಟ್ಟಿ ಸತ್ತವನು: 2006ರಲ್ಲೇ ಡೇನಿಯಲ್ ಕ್ರೇಗ್‌ನೊಂದಿಗೆ ಮೊದಲಿನಿಂದ ಶುರುವಾಗಿ, 2021ರಲ್ಲಿ ಪರದೆಯ ಮೇಲೆ ಸತ್ತೇಹೋದ.

ಬಾಂಡ್ ಅಂದ ಮೇಲೆ ನಮ್ಮ ಸಿಐಡಿ 999 ಬಿಡಲಾದೀತೇ? ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರವು; ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಈ ಮೂರನೆಯದರಲ್ಲಿ ನಾಯಕಿಯಾಗಿ ಬಂದ ಹುಡುಗಿ ಮರುವರ್ಷವೇ ಹಿಂದಿಯಲ್ಲಿ ಹೆಸರಾದಳು. ಅವಳೇ ರೇಖಾ. ನಾಲ್ಕನೆಯ ‘ಆಪರೇಷನ್ ಡೈಮಂಡ್ ರಾಕೆಟ್’ ತೆರೆಕಂಡದ್ದು 1978ರಲ್ಲಿ, ಮುಂಬಯಿಯಲ್ಲಿ ಡಾನ್ ಹುಟ್ಟಿದ ವರ್ಷವೇ. 999 ಆಗಿದ್ದ ರಾಜ್‌ಕುಮಾರ್ ಅಲ್ಲಿಗೆ ನಿಲ್ಲಿಸಿದರು. ಇದನ್ನು ಯಾರೂ ರೀಬೂಟ್ ಮಾಡದಿರಲಿ ಎಂಬುದು ನನ್ನ ಹಟ. ಯಾಕೆಂದು ತಿಳಿಯಲು ಮೊದಲನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೆ ನೋಡಿ. ನಡುವಿನ ಹತ್ತು ವರ್ಷಗಳಲ್ಲಿ ಅದೇ ಮನುಷ್ಯ ‘ಬಂಗಾರದ ಮನುಷ್ಯ’, ‘ಮಯೂರ’, ‘ಬಭ್ರುವಾಹನ’ ಎಲ್ಲ ಆಗಿ ಬಂದಿದ್ದಾರೆ. 1978ರ ಗೂಢಚಾರ ಕೋಟು ತೊಟ್ಟು ಇಂಗ್ಲಿಷ್‌ನಲ್ಲಿ ಹಾಡುವಾಗ ಆ ರೈತ, ಆ ರಾಜ ಎಲ್ಲರೂ ಅವರ ಬೆನ್ನಿಗಿರುತ್ತಾರೆ. ಹಾಡು ಕೇಳಿ ನಗು ಬಂದರೆ ನಗಿ, ಅಡ್ಡಿಯಿಲ್ಲ. ಚಿತ್ರವನ್ನು ಮಾತ್ರ ಪೂರ್ತಿ ನೋಡಿ.