ಶಂಖ ಬಸದಿಯ ಕಲ್ಲಿಗೆ ಎಷ್ಟು ತೇದಿ?

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ 'ಅಕ್ಷರ ಭಂಡಾರ' ಕಟ್ಟಿದ್ದು ನಿಮಗೆಲ್ಲ ಗೊತ್ತು. ಅಂಥ ಕೆಲಸ ನಮ್ಮ ಗದಗ ಜಿಲ್ಲೆಗೂ ಬರಲಿ ಅಂತ ನನ್ನ ಆಸೆ. ಆದರೆ ತ್ರೀಡಿ ಮಾದರಿಯ ಮೇಲೆ ಟಿಪ್ಪಣಿ ಬರೆಯಲು ಈಗ ಸಿಗುವ ಉಪಕರಣಗಳ ಬಗ್ಗೆ ನನಗೊಂದು ತಕರಾರಿದೆ.

ಲಕ್ಷ್ಮೇಶ್ವರದ ಶಂಖ ಬಸದಿಯ ಕಲ್ಲನ್ನೇ ತಗೊಳ್ಳಿ. ಫ್ಲೀಟ್ ಇದನ್ನು ಇಂಡಿಯನ್ ಆಂಟಿಕ್ವರಿಯ 7ನೇ ಸಂಪುಟದಲ್ಲಿ ಪ್ರಕಟಿಸಿದರು. ಗಂಗ ಮಾರಸಿಂಹನ ಶಕ 890ರ (ಕ್ರಿ.ಶ. 968) ದಾನವೂ ಬಾದಾಮಿ ಚಾಲುಕ್ಯ ಎರಡನೇ ವಿಕ್ರಮಾದಿತ್ಯನ ಶಕ 656ರ (734) ದಾನವೂ ಒಂದೇ ಕಲ್ಲಿನ ಮೇಲಿವೆ. ಲಿಪಿ ಮಾತ್ರ 8ನೇ ಶತಮಾನದ್ದಲ್ಲ, ಆಮೇಲಿನದು. ಹಳೇ ದಾನದ ಪ್ರತಿಯೋ, ಕೂಟಶಾಸನವೋ ಎಂಬ ಚರ್ಚೆ ಹುಟ್ಟಿದ್ದೇ ಅಲ್ಲಿಂದ.

ಈಗ ಇದರ ಮಾದರಿಗೆ 'ಕಾಲ' ಅಂತ ಏನು ತುಂಬಿಸ್ತೀರಿ? 734 ಅಂದರೆ, ನಾಳೆ ಯಾರೋ ಅದೇ ಮಾದರಿಯಿಂದ ಅಕ್ಷರ ಕತ್ತರಿಸಿ ಲಿಪಿವಿಕಾಸದ ಪಟ್ಟಿ ಮಾಡುತ್ತಾರೆ. 10ನೇ ಶತಮಾನದ ಅಕ್ಷರ ಹೋಗಿ 8ನೇ ಶತಮಾನದ ಮನೆಯಲ್ಲಿ ಕೂರುತ್ತದೆ. ಆ ಪಟ್ಟಿ ನಂಬಿ ಮುಂದಿನವರು ಬೇರೆ ಕಲ್ಲುಗಳಿಗೆ ತೇದಿ ಹಚ್ಚುತ್ತಾರೆ!

ಸ್ಕೆಚ್‌ಫ್ಯಾಬ್‌ನಲ್ಲಿ ಸಿಗುವುದು ಒಂದು ಪಿನ್: ಸಂಖ್ಯೆ, ಶೀರ್ಷಿಕೆ, ನಾಲ್ಕು ಮಾತು. ಸ್ಮಿತ್‌ಸೋನಿಯನ್‌ನ ವಾಯೇಜರ್ ಮುಕ್ತ ತಂತ್ರಾಂಶ, ಟಿಪ್ಪಣಿಗಳ ಜೊತೆ ಲೇಖನವನ್ನೂ ಸೇರಿಸಬಹುದು. ಮ್ಯೂಸಿಯಂ ನೋಡಲು ಬಂದವರಿಗೆ ಇವೆಲ್ಲ ಚೆಂದ. ಫ್ರಾನ್ಸಿನ ಐಯೋಲಿ ಒಂದು ಹೆಜ್ಜೆ ಮುಂದೆ: ಒಂದು ಫೋಟೋದ ಮೇಲೆ ಗೆರೆ ಎಳೆದು ಗುರುತಿಸಿದ ಜಾಗ ಉಳಿದ ಫೋಟೋಗಳಲ್ಲೂ ಮೂಡುತ್ತದೆ. ಶಾಸನಕ್ಕೆ ಬೇಕಾದ್ದು ಇದೇ, ಅಕ್ಷರ ಚುಕ್ಕಿಯಲ್ಲವಲ್ಲ.

ಆದರೂ ಓದು ಯಾರದು, ಸಂದೇಹ ಎಷ್ಟು? ಅಚ್ಚಿನ ಸಂಪುಟಗಳಲ್ಲಿ ಸವೆದ ಅಕ್ಷರಕ್ಕೆ ಚೌಕ ಕಂಸ, ಸಂಪಾದಕರು ಸೇರಿಸಿದ್ದಕ್ಕೆ ನಕ್ಷತ್ರ ಇರುತ್ತದೆ. ನೂರು ವರ್ಷದ ಹಿಂದಿನ ಈ ಶಿಸ್ತು ಪಿನ್ನಿನಲ್ಲಿ ಮಾಯ. (ಯುನಿಕೋಡ್‌ನವರು ನಮ್ಮ ೞಕಾರಕ್ಕೆ 'ಫ' ಅಂತ ಹೆಸರಿಟ್ಟು, ಆಮೇಲೆ ತಿದ್ದುಪಡಿಯ ಹೆಸರು ಸೇರಿಸಿದ್ದು ನೆನಪಾಗುತ್ತದೆ. ಮೊದಲ ಹೆಸರು ಇವತ್ತಿಗೂ ಹಾಗೇ ಇದೆ.)

ಮುಂಡರಗಿ, ಶಿರಹಟ್ಟಿ ಕಡೆ ಮೊಬೈಲಿನಲ್ಲಿ ವೀರಗಲ್ಲು ಸ್ಕ್ಯಾನ್ ಮಾಡುವ ಗೆಳೆಯರು ಸದ್ಯಕ್ಕೆ ಇಷ್ಟು ಮಾಡಿ: ಟಿಪ್ಪಣಿಗಳನ್ನು ಬೇರೆ ಸ್ಪ್ರೆಡ್‌ಶೀಟಿನಲ್ಲಿಡಿ. ಸಾಲಿನ ಸಂಖ್ಯೆ, ಓದು, ಓದಿದವರು, ಪಾಠ ಹೇಳುವ ತೇದಿ, ಲಿಪಿ ಹೇಳುವ ಕಾಲ, ಎಲ್ಲಕ್ಕೂ ಬೇರೆ ಬೇರೆ ಕಾಲಂ. ಪಿನ್‌ಗೆ ಆ ಸಾಲಿನ ಸಂಖ್ಯೆ ಕೊಟ್ಟರೆ ಸಾಕು.